ಅರ್ಧ ಬೆರಳಿನ ಗ್ಲೌಸೋ, ಪೂರ್ತಿ ಬೆರಳಿನದೋ?

ಮಗಳು ಹಾಕಿಗೆ ಸೇರಿದ್ದಾಳೆ, ಯಾವ ಗ್ಲೌಸ್ ಕೊಡಿಸಲಿ ಅಂತ ಕೇಳಿದ್ದೀರಿ. ಮೊದಲಿಗೆ ಎಡಗೈಯದು ಒಂದಿದ್ದರೆ ಸಾಕು, ಸುಮ್ನೆ ಜೋಡಿ ಕೊಳ್ಳಬೇಡಿ. ಸ್ಟಿಕ್‌ನ ಮೇಲ್ತುದಿ ಹಿಡಿಯುವುದು ಎಡಗೈ. ಬಗ್ಗಿ, ಸ್ಟಿಕ್ ನೆಲಕ್ಕೆ ಮಲಗಿಸಿ ಚೆಂಡು ತಡೆಯುವಾಗ ನೆಲಕ್ಕೆ ಉಜ್ಜುವುದು ಅದರ ಗೆಣ್ಣುಗಳೇ. ಟರ್ಫ್ (ಕೃತಕ ಹುಲ್ಲು) ಮೇಲಾದರೆ ಚರ್ಮ ಕಿತ್ತು ಬರುತ್ತದೆ, ಸ್ನಾನಕ್ಕೆ ನಿಂತಾಗ ಉರಿ ಗೊತ್ತಾಗುತ್ತದೆ.

ಹಿಡಿತ ಮುಖ್ಯವಾದರೆ ಅರ್ಧ ಬೆರಳಿನದು. ಬೆರಳ ತುದಿ ಹೊರಗಿರುವುದರಿಂದ ಸ್ಟಿಕ್ ತಿರುಗಿಸುವುದು ಸಲೀಸು, ಬೆವರೂ ಕಡಿಮೆ. ಕೊಡಗಿನ ಮಣ್ಣಿನ ಮೈದಾನಗಳಲ್ಲಿ ಆಡುವವರಿಗೆ ಇದು ಸಾಕು. ಆದರೆ ಚೆಂಡು ಬೆರಳ ತುದಿಗೇ ಬಡಿದರೆ ಇದರಿಂದ ರಕ್ಷಣೆಯಿಲ್ಲ.

ಡಿಫೆಂಡರ್ ಆದರೆ, ಇಂಡೋರ್ ಆಡಿದರೆ ಪೂರ್ತಿ ಬೆರಳಿನದೇ ಇರಲಿ. ದಪ್ಪ ಫೋಮ್, ಸೆಕೆ ಜಾಸ್ತಿ, ಸಾಮಾನ್ಯವಾಗಿ ಬೆಲೆಯೂ ಜಾಸ್ತಿ. ರಕ್ಷಣೆ ಜಾಸ್ತಿ ಸಿಗಲಿ ಅಂತ ತೀರಾ ದೊಡ್ಡದು ಕೊಳ್ಳಬೇಡಿ. ಗ್ಲೌಸ್ ಕೈಯ ಸಹಜ ಗಾತ್ರವನ್ನು ತುಂಬಾ ಹಿಗ್ಗಿಸುವಂತಿರಬಾರದು ಅನ್ನುವುದು ಆಟದ ನಿಯಮ.

ಅಂಗಡಿಗೆ ಅವಳ ಸ್ಟಿಕ್ ಒಯ್ಯಿರಿ. ಹಾಕಿಕೊಂಡು ಹಿಡಿದಾಗ ಅಂಗೈಯಲ್ಲಿ ಬಟ್ಟೆ ಮಡಚಿಕೊಂಡರೆ ಸೈಜ್ ದೊಡ್ಡದು. ಹಿಡಿ ದಪ್ಪ ಅನ್ನಿಸಿದರೆ ಗ್ಲೌಸ್‌ಗೆ ಕತ್ತರಿ ಹಾಕದೆ ಸ್ಟಿಕ್‌ನ ಗ್ರಿಪ್ (ಹಿಡಿಗೆ ಸುತ್ತುವ ಪಟ್ಟಿ) ತೆಗೆದು ತೆಳುವಾದದ್ದು ಸುತ್ತಿ. ನಾನು ಒಮ್ಮೆ ಗ್ಲೌಸ್‌ನ ಬೆರಳ ತುದಿ ಕತ್ತರಿಸಿದ್ದೆ, ಎರಡೇ ವಾರಕ್ಕೆ ಹೊಲಿಗೆಯೆಲ್ಲ ಬಿಚ್ಚಿಕೊಂಡಿತ್ತು. ಕತ್ತರಿಸಲೇಬೇಕಾದರೆ ಅಂಚನ್ನು ಅವತ್ತೇ ಟೈಲರ್ ಹತ್ತಿರ ಹೊಲಿಸಿಬಿಡಿ.