ಪೆಲೆಟ್‌ನ ಮೂತಿ ನೋಡಿ ಕೊಳ್ಳಬೇಡಿ: ಒಂದೇ ಏರ್ ರೈಫಲ್, ನಾಲ್ಕು ಬಗೆ ಪೆಲೆಟ್

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಒಂದು .177 (ಅಂದರೆ 4.5 ಮಿ.ಮೀ. ಅಳತೆಯ) ಸ್ಪ್ರಿಂಗ್ ಏರ್ ರೈಫಲ್ ಇದೆ. ಬ್ಯಾರಲ್ ಬಗ್ಗಿಸಿ ಸ್ಪ್ರಿಂಗ್ ಅದುಮಿಡುವ ಮಾಮೂಲಿ ಬಗೆ. ಅಡಿಕೆ ಒಣಗಿಸುವ ಅಂಗಳದಲ್ಲಿ 10 ಮೀಟರ್ ಅಳೆದುಕೊಂಡು ಕಾಗದದ ಗುರಿಗೆ ಹೊಡೆಯುವುದು ಕೆಲವು ವರ್ಷಗಳ ಹವ್ಯಾಸ. ಈ ವಿಮರ್ಶೆ ರೈಫಲ್‌ದಲ್ಲ, ಅದಕ್ಕೆ ಹಾಕುವ ಪೆಲೆಟ್‌ಗಳದು, ಅಂದರೆ ಸಣ್ಣ ಗುಂಡುಗಳದು. ಚಪ್ಪಟೆ ತಲೆ, ಗುಂಡು ತಲೆ, ಚೂಪು ತಲೆ, ಮತ್ತೆ ಸೀಸವಿಲ್ಲದ ಹಗುರ ಅಲಾಯ್ (ಮಿಶ್ರಲೋಹ). ನಾಲ್ಕನ್ನೂ ಮಳೆಗಾಲ ಬೇಸಿಗೆ ಎರಡರಲ್ಲೂ ಬಳಸಿದ್ದೇನೆ. ವೇಗ ಅಳೆಯುವ ಕ್ರೋನೋಗ್ರಾಫ್ ಕೂಡ ಇದೆ.

ಅಂಗಡಿಯಲ್ಲಿ ಎಲ್ಲರ ಕೈ ಹೋಗುವುದು ಚೂಪು ತಲೆಗೆ. ನೋಡಲು ಬುಲೆಟ್ ತರ ಇದೆ, ಜಾಸ್ತಿ ವೇಗ ಹೋಗುತ್ತದೆ ಅಂತ. ಹಾಗೇನೂ ಇಲ್ಲ. ಬ್ಯಾರಲ್ ಬಾಯಿಂದ ಹೊರಬೀಳುವ ವೇಗಕ್ಕೂ ಮೂತಿಯ ಚೂಪಿಗೂ ಸಂಬಂಧವೇ ಇಲ್ಲ ಅನ್ನಬಹುದು. ಮೂತಿಯ ಕೆಲಸ ಶುರುವಾಗುವುದು ಹೊರಗೆ ಬಂದು ಗಾಳಿ ಸೀಳುವಾಗ. ಒಳಗೆ ವೇಗ ಕೊಡುವುದು ತೂಕ, ತಲೆಯ ಅಳತೆ, ಲೋಹದ ಮೆದುತನ, ಮತ್ತೆ ಪೆಲೆಟ್‌ನ ಹಿಂಬದಿಯ ಟೊಳ್ಳು ಭಾಗ, ಅಂದರೆ ಸ್ಕರ್ಟ್. ಗಾಳಿಯ ಒತ್ತಡ ಬಿದ್ದಾಗ ಸ್ಕರ್ಟ್ ಅರಳಿ ಬ್ಯಾರಲ್‌ಗೆ ಅಂಟಿಕೊಳ್ಳಬೇಕು. ಚಿಕ್ಕವರಿದ್ದಾಗ ಬಿದಿರಿನ ಪೆಟ್ಲು ಹೊಡೆದವರಿಗೆ ಇದು ಗೊತ್ತು: ಕಾಯಿ ಸಡಿಲ ಇದ್ದರೆ ಬರೀ ಟುಸ್.

ಮೆತ್ತನೆ ಸೀಸ ಚೆನ್ನಾಗಿ ಅರಳುತ್ತದೆ. ಅಲಾಯ್ ಗಟ್ಟಿ, ಅಷ್ಟು ಅರಳುವುದಿಲ್ಲ. ಆದರೂ ಕ್ರೋನೋಗ್ರಾಫ್‌ನಲ್ಲಿ ದೊಡ್ಡ ಅಂಕಿ ತೋರಿಸುವುದು ಅಲಾಯ್‌ ಪೆಲೆಟ್ಟೇ. ಕಾರಣ ಬರೀ ತೂಕ. ಲೆಕ್ಕ ಹಾಕಿ ನೋಡಿ: ರೈಫಲ್ 10 ಜೂಲ್ ಶಕ್ತಿ ಕೊಡುತ್ತದೆ ಅಂದುಕೊಂಡರೆ, 0.36 ಗ್ರಾಂ ಅಲಾಯ್ ಸೆಕೆಂಡಿಗೆ ಸುಮಾರು 236 ಮೀಟರ್ ಹೋಗಬೇಕು. 0.53 ಗ್ರಾಂ ಮ್ಯಾಚ್ ಪೆಲೆಟ್ (ಸ್ಪರ್ಧೆಗೆ ಬಳಸುವ ಚಪ್ಪಟೆ ತಲೆಯದು) 194 ಮೀಟರ್. 0.67 ಗ್ರಾಂ ಭಾರದ್ದು 173. ಶಕ್ತಿ ಅಷ್ಟೇ, ಅಂಕಿ ಮಾತ್ರ ಬೇರೆ.

ರೈಫಲ್ ಡಬ್ಬದ ಮೇಲಿನ 'ಸೆಕೆಂಡಿಗೆ 1000 ಅಡಿ' ಇಲ್ಲೇ ಹುಟ್ಟುವುದು. 1000 ಅಡಿ ಅಂದರೆ 305 ಮೀಟರ್. 0.53 ಗ್ರಾಂ ಪೆಲೆಟ್ ಆ ವೇಗದಲ್ಲಿ ಹೋದರೆ ಶಕ್ತಿ 24 ಜೂಲ್ ದಾಟುತ್ತದೆ. ನಮ್ಮಲ್ಲಿ 2016ರ ಆಯುಧ ನಿಯಮದ ಪ್ರಕಾರ 20 ಜೂಲ್ ಮೀರಿದರೆ ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದೆ ಮಾರುವ ರೈಫಲ್‌ನಲ್ಲಿ ಆ 1000 ಅಡಿ ನಿಜವೇ ಆಗಿದ್ದರೂ ಅದು ಹಗುರ ಪೆಲೆಟ್ ಹಾಕಿ ತೆಗೆದ ಅಂಕಿ ಅಂತ ಅರ್ಥ ಮಾಡಿಕೊಳ್ಳಿ.

ಹಗುರ ಪೆಲೆಟ್‌ಗೆ ಇನ್ನೊಂದು ತೊಂದರೆ. ಸ್ಪ್ರಿಂಗ್ ರೈಫಲ್‌ನಲ್ಲಿ ಸ್ಪ್ರಿಂಗ್ ತಳ್ಳಿದ ಪಿಸ್ಟನ್ ಗಾಳಿ ಒತ್ತುತ್ತಾ ಮುಂದೆ ನುಗ್ಗುವಾಗ ಎದುರಿಗೆ ಸ್ವಲ್ಪ ತಡೆ ಇರಬೇಕು. ಪೆಲೆಟ್ ಬೇಗ ಹೊರಟುಬಿಟ್ಟರೆ ಪಿಸ್ಟನ್ ಹೋಗಿ ಸಿಲಿಂಡರ್‌ನ ಮುಂದಿನ ಗೋಡೆಗೆ ಬಡಿಯುತ್ತದೆ. ಶಬ್ದ, ಕುಲುಕಾಟ ಎರಡೂ ಜಾಸ್ತಿ, ಸೀಲ್ ಬೇಗ ಹಾಳು. ತೀರಾ ಭಾರ ಹಾಕಿದರೂ ಪಿಸ್ಟನ್ ಪುಟಿದು ಹಿಂದೆ ಬರುತ್ತದೆ. ನಮ್ಮ ಅಜ್ಜನ ಕಾಲದ ಕೇಪಿನ ಕೋವಿಯಲ್ಲಿ ಮದ್ದು ಸ್ವಲ್ಪ ಹೆಚ್ಚು ಕಮ್ಮಿ ಮಾಡಿ ಹೊಂದಿಸುತ್ತಿದ್ದರು. ಇಲ್ಲಿ ಸ್ಪ್ರಿಂಗ್ ಶಕ್ತಿ ಇದ್ದಷ್ಟೇ, ನಾವು ಬದಲಿಸಲು ಆಗುವುದು ಪೆಲೆಟ್ ಒಂದನ್ನೇ. ಹೊರದೇಶಗಳಲ್ಲಿ ದೊಡ್ಡ ರೈಫಲ್‌ಗೆ ತೋಟೆ ತಾವೇ ತುಂಬಿಕೊಳ್ಳುವವರೂ ಬುಲೆಟ್‌ನ ತೂಕ ಒಂದನ್ನೇ ನೋಡುವುದಿಲ್ಲ. ಬ್ಯಾರಲ್‌ಗೆ ಉಜ್ಜುವ ಭಾಗ ಎಷ್ಟು ಉದ್ದ ಅಂತಲೂ ನೋಡುತ್ತಾರೆ. ತೂಕ ಒಂದೇ ಇದ್ದರೂ ಅದರಿಂದ ಒತ್ತಡ, ವೇಗ ಎರಡೂ ಬದಲಾಗುತ್ತವೆ.

ಈಗ ನಾನು ಉಳಿಸಿಕೊಂಡಿರುವುದು 0.53 ಗ್ರಾಂನ ಚಪ್ಪಟೆ ತಲೆ ಮ್ಯಾಚ್ ಪೆಲೆಟ್. ಎಚ್‌ಅಂಡ್‌ಎನ್ ಫಿನಾಲೆ ಮ್ಯಾಚ್ ಅಂತ ಜರ್ಮನಿ ಮಾಲು. ತಲೆಯ ಅಳತೆ 4.49, 4.50 ಮಿ.ಮೀ. ಹೀಗೆ ಬೇರೆ ಬೇರೆ ಡಬ್ಬದಲ್ಲಿ ಸಿಗುತ್ತದೆ, ನಿಮ್ಮ ಬ್ಯಾರಲ್‌ಗೆ ಯಾವುದು ಒಗ್ಗುತ್ತದೋ ಹೊಡೆದೇ ನೋಡಬೇಕು. ವೇಗದಲ್ಲಿ ಇದು ಮೊದಲಲ್ಲ. ಆದರೆ ಒಂದು ಹೊಡೆತಕ್ಕೂ ಇನ್ನೊಂದಕ್ಕೂ ವೇಗದ ವ್ಯತ್ಯಾಸ ಬಹಳ ಕಡಿಮೆ, ಕಾಗದದಲ್ಲಿ ತೂತು ಕತ್ತರಿಸಿದ ಹಾಗೆ ದುಂಡಗೆ. ಒಲಿಂಪಿಕ್ಸ್‌ನ 10 ಮೀಟರ್ ಗುರಿಯಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಅಂಥ ಸ್ಪರ್ಧೆಯ ರೈಫಲ್‌ಗಳೇ ಸೆಕೆಂಡಿಗೆ ಸುಮಾರು 170 ಮೀಟರ್‌ನಲ್ಲಿ ಓಡುತ್ತವೆ. ಮತ್ತೆ ನಮಗ್ಯಾಕೆ 300, ಅಲ್ವಾ?

25 ಮೀಟರ್ ಮೇಲೆ ಹೊಡೆಯುವವರಾದರೆ ಗುಂಡು ತಲೆ ತಗೊಳ್ಳಿ. ಚಪ್ಪಟೆ ತಲೆ ಅಷ್ಟು ದೂರಕ್ಕೆ ವೇಗ ಬೇಗ ಕಳೆದುಕೊಳ್ಳುತ್ತದೆ. ಚೂಪು ತಲೆ ನನಗೆ ಎಲ್ಲೂ ಉಪಯೋಗಕ್ಕೆ ಬರಲಿಲ್ಲ. ತುದಿ ಡಬ್ಬದೊಳಗೇ ಬಡಿದು ವಕ್ರವಾಗಿರುತ್ತದೆ.

ಮಲೆನಾಡಿನ ಮಳೆ ಬಗ್ಗೆ ಹೇಳಲೇಬೇಕು. ಥಂಡಿಗೆ ಸೀಸದ ಮೇಲೆ ಬಿಳಿ ಪುಡಿ ಕಟ್ಟುತ್ತದೆ. ಅದು ವಿಷ, ಜೊತೆಗೆ ಪೆಲೆಟ್‌ನ ಅಳತೆಯೂ ಕೆಡುತ್ತದೆ. ಜೂನ್‌ಗೆ ಮುಂಚೆಯೇ ಡಬ್ಬಕ್ಕೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಗಟ್ಟಿ ಮುಚ್ಚಿಡಿ. ಪುಡಿ ಕಂಡರೆ ಆ ಡಬ್ಬ ಬಿಟ್ಟುಬಿಡಿ. ಪುಡಿ ಇರಲಿ ಬಿಡಲಿ, ಹೊಡೆದ ಮೇಲೆ ಕೈ ತೊಳೆಯದೆ ತಿಂಡಿ ಮುಟ್ಟಬೇಡಿ. ತುಕ್ಕಿನ ಭಯಕ್ಕೆ ಬ್ಯಾರಲ್‌ಗೆ ಸುಮ್ನೆ ಎಣ್ಣೆ ಸುರಿಯುವವರೂ ಇದ್ದಾರೆ. ಎಣ್ಣೆ ಒಳಗಿಳಿದರೆ ಪಿಸ್ಟನ್ ಒತ್ತಿದ ಗಾಳಿಯ ಬಿಸಿಗೆ ಹೊತ್ತಿಕೊಂಡು ಹೊಗೆ ಬರುತ್ತದೆ, ವೇಗ ಒಮ್ಮೆಲೇ ಏರಿ ಇಳಿದು ಅಂಕಿಗೆ ಅರ್ಥವೇ ಇರುವುದಿಲ್ಲ. ಕ್ರೋನೋಗ್ರಾಫ್‌ಗೆ ಮಾತ್ರ ನಮ್ಮ ಮೋಡ ಮುಚ್ಚಿದ ಆಕಾಶ ವರದಾನ, ಬಿಸಿಲಿಗಿಂತ ಚೆನ್ನಾಗಿ ಓದುತ್ತದೆ. ಮನೆಯೊಳಗೆ ಟ್ಯೂಬ್‌ಲೈಟ್ ಕೆಳಗಿಟ್ಟರೆ ಬಾಯಿಗೆ ಬಂದ ಅಂಕಿ ಹೇಳುತ್ತದೆ.

'ಮಂಗ ಓಡಿಸಲು ಯಾವ ಪೆಲೆಟ್ ಒಳ್ಳೆಯದು' ಅಂತ ಊರಲ್ಲಿ ಎಲ್ಲರೂ ಕೇಳುತ್ತಾರೆ. ಯಾವುದೂ ಅಲ್ಲ. ಗಾಯ ಮಾಡಿದರೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಕೇಸು ಬೀಳುತ್ತದೆ, ಮಂಗ ಮರುದಿನ ಮತ್ತೆ ಬರುತ್ತದೆ.

ಶಿವಮೊಗ್ಗದಲ್ಲಿ ಬೇಕಾದ ಅಳತೆ ಸಿಗದಿದ್ದರೆ ಆನ್‌ಲೈನ್‌ನಲ್ಲಿ ತರಿಸಿ. ಡಬ್ಬ ಬಂದ ದಿನವೇ ತೆರೆದು ಸ್ಕರ್ಟ್‌ಗಳನ್ನು ನೋಡಿ. ಕೊರಿಯರ್‌ನಲ್ಲಿ ಬಿದ್ದು ಡೊಂಕಾಗಿದ್ದರೆ ವಾಪಸ್ ಕಳಿಸಿ. ಡೊಂಕು ಸ್ಕರ್ಟ್ ಇರುವ ದುಬಾರಿ ಪೆಲೆಟ್‌ಗಿಂತ ನೆಟ್ಟಗಿರುವ ಅಗ್ಗದ ಪೆಲೆಟ್ ಎಷ್ಟೋ ವಾಸಿ.