ಹಿತ್ತಲ ಕೆಲಸಕ್ಕೆ ಕರೆಸಿದ ತಂಡ: ಹಾರೆ ಮುಟ್ಟದ ಮೊದಲ ದಿನದಿಂದ ಗುಡಿಸಿ ಹೋದ ದಿನದವರೆಗೆ

ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿ, ಗುಡ್ಡದ ಬುಡವನ್ನು ಕಡಿದು ಕಟ್ಟಿದ ನಮ್ಮ ಮನೆಯ ಸುತ್ತ ಸುಮಾರು 6 ಗುಂಟೆ ಜಾಗವಿದೆ. ಮನೆಯ ಹಿಂದೆ 9 ಅಡಿ ಎತ್ತರದ ಧರೆ (ಗುಡ್ಡ ಕಡಿದಾಗ ನೆಟ್ಟಗೆ ಉಳಿದ ಮಣ್ಣಿನ ಗೋಡೆ), ಎದುರಿಗೆ ಇಳಿಜಾರಿನ ಅಂಗಳ, ಒಂದು ಪಕ್ಕದಲ್ಲಿ ಲಂಟಾನ ಮತ್ತು ಯುಪಟೋರಿಯಂ ತುಂಬಿ ಕಾಲಿಡಲಾಗದ ಹಿತ್ತಲು. ಇದನ್ನೆಲ್ಲ ಸರಿಪಡಿಸಿ ಕೈತೋಟ ಮಾಡಿಸಬೇಕೆಂದು ಕಳೆದ ಏಪ್ರಿಲ್‌ನಲ್ಲಿ ಐದು ಜನರ ಒಂದು ತಂಡಕ್ಕೆ ಒಟ್ಟು ಗುತ್ತಿಗೆಯ ಮೇಲೆ ಕೆಲಸ ವಹಿಸಿದೆವು. ಹೊಗಳಿಕೆಯ ಜೊತೆಗೆ ಕೆಲವು ದೂರುಗಳೂ ಇರುವುದರಿಂದ ತಂಡದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಲೆನಾಡಿನಲ್ಲಿ ಇಂಥ ಕೆಲಸ ಮಾಡಿಸುವವರು ಯಾವುದನ್ನು ಕೇಳಿ, ಯಾವುದನ್ನು ನೋಡಿ ಕೆಲಸ ಕೊಡಬೇಕು ಎಂಬುದು ತಿಳಿದರೆ ಸಾಕು.

ಮೊದಲ ದಿನ ಅವರು ಒಂದು ಗುದ್ದಲಿ ಮಣ್ಣನ್ನೂ ತೆಗೆಯಲಿಲ್ಲ. ಮೇಸ್ತ್ರಿ ಮನೆಯ ಸುತ್ತ ಮೂರು ಸಲ ನಡೆದರು, ನೀರಿನ ಪೈಪು ಎಲ್ಲಿಂದ ಬರುತ್ತದೆ, ಪಂಪ್‌ಸೆಟ್ಟಿನ ವಯರು ಯಾವ ಕಡೆ ಹೋಗಿದೆ, ಶೌಚದ ಗುಂಡಿ ಎಲ್ಲಿದೆ ಎಂದು ಕೇಳಿ ಕೇಳಿ ಸುಣ್ಣದ ಪುಡಿಯಿಂದ ನೆಲದ ಮೇಲೆ ಗೆರೆ ಎಳೆದರು. ಹಳೆಯ ಮನೆಗಳಲ್ಲಿ ಪೈಪು ಹೂತ ಜಾಗ ಯಜಮಾನರ ನೆನಪಿನಲ್ಲಿ ಮಾತ್ರ ಇರುತ್ತದೆಯಾದ್ದರಿಂದ, ನನ್ನ ಮಾತನ್ನೂ ಪೂರ್ತಿ ನಂಬದೆ ಎರಡು ಕಡೆ ಕೈಯಿಂದಲೇ ಅಗೆದು ನೋಡಿದರು. ಒಂದು ಕಡೆ ನಾನು ಹೇಳಿದ್ದಕ್ಕಿಂತ ನಾಲ್ಕು ಅಡಿ ಆಚೆ ಪೈಪು ಸಿಕ್ಕಿತು. ಸಂಜೆಯಾದರೂ ಕೆಲಸ ಕಣ್ಣಿಗೆ ಕಾಣದ್ದರಿಂದ ಅತ್ತೆ, "ಇವತ್ತಿನ ಕೂಲಿ ಯಾವ ಲೆಕ್ಕಕ್ಕೆ?" ಎಂದು ಕೇಳಿದರು. "ಅಮ್ಮಾ, ಇವತ್ತು ನೋಡದೆ ಬಿಟ್ಟದ್ದಕ್ಕೆ ನಾಳೆ ಎರಡು ಕೂಲಿ ಆಗುತ್ತೆ" ಎಂದು ಮೇಸ್ತ್ರಿ ನಕ್ಕರು. ನಮ್ಮಲ್ಲಿ ಹಿಂದೊಮ್ಮೆ ಬಂದಿದ್ದ ಬೇರೊಂದು ತಂಡ ಬಂದ ಅರ್ಧ ಗಂಟೆಯಲ್ಲಿ ಪಿಕಾಸಿ ಹಾಕಿ ನೀರಿನ ಪೈಪು ಒಡೆದು, ಎರಡು ದಿನ ಬಾವಿಯಿಂದ ಸೇದುವ ಹಾಗೆ ಮಾಡಿದ್ದು ನೆನಪಿದ್ದುದರಿಂದ ನಾನು ಸುಮ್ಮನಿದ್ದೆ.

ಅದೇ ದಿನ ಅವರು ಕೇಳಿದ ಇನ್ನೊಂದು ಪ್ರಶ್ನೆ ನನಗೆ ಬಹಳ ಹಿಡಿಸಿತು: ಹತ್ತಿರದಲ್ಲಿ ಇತ್ತೀಚೆಗೆ ಮಂಗ ಸತ್ತದ್ದನ್ನು ಯಾರಾದರೂ ಕಂಡಿದ್ದಾರೆಯೇ? ಮಂಗ ಸತ್ತರೆ ಹತ್ತಿರದಲ್ಲಿ ಮಂಗನ ಕಾಯಿಲೆ ಇರಬಹುದೆಂಬ ಸೂಚನೆ. ಈ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಸೋಂಕು ತಗಲಿದ ಉಣುಗು (ಉಣ್ಣೆ) ಕಚ್ಚುವುದರಿಂದ ಬರುವ ಈ ರೋಗ ಹೆಚ್ಚಾಗಿ ಡಿಸೆಂಬರ್‌ನಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಹಿತ್ತಲ ಪೊದೆ ಸವರುವುದು, ದರಕು (ಒಣಗಿ ಉದುರಿದ ಎಲೆ) ಒಟ್ಟುವುದು ಎಲ್ಲವೂ ನಾವು ಮಾಡಿಸುವುದು ಅದೇ ತಿಂಗಳುಗಳಲ್ಲಿ. ತಂಡದವರು ಪೊದೆಗೆ ಇಳಿಯುವ ಮೊದಲು ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡರು, ತುಂಬುತೋಳಿನ ಅಂಗಿ ತೊಟ್ಟು ಪ್ಯಾಂಟಿನ ಕಾಲನ್ನು ಗಂಬೂಟಿನೊಳಗೆ ಸೇರಿಸಿದರು, ಕಾಫಿಗೆ ಕೂರುವಾಗಲೂ ದರಕಿನ ಮೇಲೆ ಕೂರದೆ ಸಿಮೆಂಟಿನ ಕಟ್ಟೆಯ ಮೇಲೆ ಕೂತರು. ಸಂಜೆ ಬಿಸಿನೀರಿನ ಸ್ನಾನಕ್ಕೆ, ತೊಟ್ಟ ಬಟ್ಟೆಯನ್ನು ಕುದಿನೀರಿನಲ್ಲಿ ಅದ್ದುವುದಕ್ಕೆ ನಮ್ಮ ಬಚ್ಚಲೊಲೆಯನ್ನು ಕೇಳಿ ಪಡೆದರು. ಮಲೆನಾಡಿನ ಹೊರಗಿನಿಂದ ಬರುವ ಯಾವ ದೊಡ್ಡ ಕಂಪನಿಯೂ ಇದನ್ನು ತಾನಾಗಿ ಕೇಳುತ್ತದೆಂದು ನನಗೆ ಅನಿಸುವುದಿಲ್ಲ.

ಪೊದೆ ಸವರಲು ಅವರು ತಂದದ್ದು ಪೆಟ್ರೋಲಿನ ಬ್ರಷ್ ಕಟ್ಟರ್. ಈ ಯಂತ್ರ ಈಗ ಮಲೆನಾಡಿನ ಬಹುತೇಕ ತೋಟಗಳಲ್ಲಿದೆ, ಆದರೆ ಅದನ್ನು ಇಷ್ಟು ಶಿಸ್ತಿನಿಂದ ಬಳಸುವವರನ್ನು ನಾನು ಕಂಡದ್ದು ಕಡಿಮೆ. ಓಡಿಸುವವನಿಂದ 15 ಮೀಟರ್ ಒಳಗೆ ಯಾರೂ ಬರಬಾರದೆಂದು ಹಗ್ಗ ಕಟ್ಟಿದರು. ಬ್ಲೇಡಿಗೆ ಸಿಕ್ಕಿದ ಜಂಬಿಟ್ಟಿಗೆಯ (ಕೆಂಪು ಮುರಕಲ್ಲಿನ) ಚೂರು ಗುಂಡಿನಂತೆ ಸಿಡಿಯುತ್ತದೆ ಎಂಬುದು ಅವರು ಕೊಟ್ಟ ಕಾರಣ. ಕಲ್ಲಿರುವ ಕಡೆ ನೈಲಾನ್ ದಾರ, ಲಂಟಾನದಂಥ ಗಟ್ಟಿ ಕಾಂಡಕ್ಕೆ ಮಾತ್ರ ಬ್ಲೇಡು. ಲೀಟರ್ ಪೆಟ್ರೋಲಿಗೆ 20 ಮಿಲಿ ಟೂ ಸ್ಟ್ರೋಕ್ ಎಣ್ಣೆಯನ್ನು ಅಳತೆಯ ಲೋಟದಲ್ಲಿ ಅಳೆದೇ ಹಾಕಿದರು, ಇಂಜಿನು ತಣಿದ ಮೇಲಷ್ಟೇ ಟ್ಯಾಂಕಿನ ಮುಚ್ಚಳ ತೆಗೆದರು, ತುಂಬಿದ ಜಾಗದಿಂದ ಹತ್ತು ಹೆಜ್ಜೆ ದೂರ ಹೋಗಿ ಮತ್ತೆ ಚಾಲೂ ಮಾಡಿದರು. ಇಷ್ಟಾದರೂ ಎರಡನೆಯ ದಿನ ಒಬ್ಬ ಹುಡುಗ ಬೆವರಿಗೆ ಮಂಜಾಯಿತೆಂದು ಕನ್ನಡಕ ತೆಗೆದಿಟ್ಟ ಐದೇ ನಿಮಿಷದಲ್ಲಿ ಚೂರೊಂದು ಸಿಡಿದು ಹುಬ್ಬಿಗೆ ತಾಗಿತು. ಗಾಯ ಸಣ್ಣದು, ಆದರೆ ಮೇಸ್ತ್ರಿ ಯಂತ್ರವನ್ನು ನಿಲ್ಲಿಸಿ, ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುವ ತನಕ ಯಾರಿಗೂ ಅದನ್ನು ಮುಟ್ಟಲು ಬಿಡಲಿಲ್ಲ. ಅರ್ಧ ದಿನ ಹೋಯಿತು, ಅದರ ಕೂಲಿಯನ್ನು ನಮ್ಮ ಲೆಕ್ಕಕ್ಕೆ ಸೇರಿಸಲಿಲ್ಲ. ಮಂಜು ಕಟ್ಟದ ಜಾಲರಿಯ ಮುಖಗವಸನ್ನು ಮೊದಲೇ ತಂದಿದ್ದರೆ ಇದು ಆಗುತ್ತಿರಲಿಲ್ಲ, ಮರುದಿನ ತಂದರು.

ಅಂಗಳದ ಮೂಲೆಯ ಹಲಸಿನ ಮರದ ಕೊಂಬೆಯೊಂದು ವಿದ್ಯುತ್ ತಂತಿಯ ಹತ್ತಿರಕ್ಕೆ ಬಾಗಿತ್ತು. ಅಡಿಕೆ ಕೊಯ್ಯಲು ತಂದಿಟ್ಟ ಕಾರ್ಬನ್ ಫೈಬರ್ ದೋಟಿ ನಮ್ಮಲ್ಲಿತ್ತು. ಅದಕ್ಕೆ ಕತ್ತಿ ಕಟ್ಟಿ ಕೆಳಗಿನಿಂದಲೇ ಕಡಿದುಬಿಡಿ ಎಂದು ನಾನೇ ಹೇಳಿದೆ. ಮೇಸ್ತ್ರಿ ಖಡಾಖಂಡಿತವಾಗಿ ಒಪ್ಪಲಿಲ್ಲ. ಹಗುರವೆಂದು ನಾವು ಮೆಚ್ಚಿ ಕೊಂಡ ಆ ದೋಟಿಯಲ್ಲಿ ಕರೆಂಟು ಸರಾಗವಾಗಿ ಹರಿಯುತ್ತದೆ, ಒಣ ಬಿದಿರಿನಂತಲ್ಲ, ಮತ್ತು ಹೈಟೆನ್ಶನ್ ತಂತಿಯ ಬಳಿ ಬಿದಿರನ್ನೂ ನಂಬುವ ಹಾಗಿಲ್ಲ. ವಿದ್ಯುತ್ ಕಂಪನಿ ಮೆಸ್ಕಾಂಗೆ ತಿಳಿಸಿ, ಲೈನ್‌ಮನ್ ಬಂದು ಲೈನ್ ಆಫ್ ಮಾಡಿದ ಮೇಲಷ್ಟೇ ಕೊಂಬೆ ಕಡಿಯಲಾಯಿತು. ಇದಕ್ಕೆ ಮೂರು ದಿನ ಕಾಯಬೇಕಾಯಿತು. ಆ ಮೂರು ದಿನ ಅವರು ಸುಮ್ಮನೆ ಕೂರದೆ ಧರೆಯ ಕೆಲಸಕ್ಕೆ ಕೈ ಹಾಕಿದರು. ಯಾವ ಕೆಲಸ ಯಾರಿಗಾಗಿ ನಿಲ್ಲಬೇಕು, ಯಾವುದು ನಿಲ್ಲಬೇಕಿಲ್ಲ ಎಂಬ ಪಟ್ಟಿ ಮೊದಲ ದಿನವೇ ಅವರ ಪುಸ್ತಕದಲ್ಲಿತ್ತು.

ಈ ಇಡೀ ಗುತ್ತಿಗೆಯಲ್ಲಿ ಅತ್ಯುತ್ತಮವಾದದ್ದು ಧರೆಯ ಕೆಲಸವೇ. ಕಡಿದು ನೆಟ್ಟಗೆ ನಿಲ್ಲಿಸಿದ ಧರೆ ಬೇಸಿಗೆಯಲ್ಲಿ ಗೋಡೆಯ ಹಾಗೆ ಕಂಡರೂ ಜುಲೈ ತಿಂಗಳ ಮಳೆಗೆ ಮೇಲಿನಿಂದ ನೀರು ಕುಡಿದು ಭಾರವಾಗುತ್ತದೆ, ಬುಡ ಜಾರುತ್ತದೆ. ಒಂದು ಘನ ಮೀಟರ್ ಹಸಿ ಮಣ್ಣು ಒಂದೂವರೆ ಟನ್‌ಗೂ ಹೆಚ್ಚು ತೂಗುತ್ತದೆ ಎಂಬುದನ್ನು ನೆನೆದರೆ ಅಡುಗೆಮನೆಯ ಕಿಟಕಿಯ ಹಿಂದೆ ಅದು ನಿಂತಿರುವುದು ನಿದ್ದೆ ಕೆಡಿಸುವ ವಿಷಯ. ಕಲ್ಲಿನ ಗೋಡೆ ಕಟ್ಟಿಸಬೇಕೆಂಬುದು ನನ್ನ ಯೋಚನೆಯಾಗಿತ್ತು. ನೀರಿಗೆ ದಾರಿ ಬಿಡದ ಗೋಡೆ ಮಣ್ಣಿನ ಜೊತೆಗೆ ತಾನೂ ಬೀಳುತ್ತದೆಂದು ಅವರು ವಿವರಿಸಿ, ಧರೆಯ ನೆತ್ತಿಯ ಆಚೆ ಮೊದಲು ಒಂದು ಬಸಿಗಾಲುವೆ ತೆಗೆದು ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸಿದರು, ಆಮೇಲೆ ಧರೆಯನ್ನು ಎರಡು ಮೆಟ್ಟಿಲಾಗಿ ಇಳಿಸಿದರು. ಜೆಸಿಬಿಯನ್ನು ಮೇಲಿನಿಂದ ಕೆಳಕ್ಕೆ ಕೆಲಸ ಮಾಡಿಸಿದರೇ ಹೊರತು ಬುಡ ಕೆರೆಯಲು ಬಿಡಲಿಲ್ಲ. ಯಂತ್ರ ಓಡುವಾಗ ಧರೆಯ ಕೆಳಗೆ ಯಾರೂ ನಿಲ್ಲಲಿಲ್ಲ, ತೆಗೆದ ಮಣ್ಣನ್ನು ಅಂಚಿನಲ್ಲಿ ರಾಶಿ ಹಾಕದೆ ಆಗಿಂದಾಗ ಟಿಪ್ಪರಿಗೆ ತುಂಬಿದರು. ಮಧ್ಯಾಹ್ನದ ಮೇಲೆ ಗುಡುಗು ಕೇಳಿದ ತಕ್ಷಣ ಕೆಲಸ ನಿಲ್ಲುತ್ತಿತ್ತು. ಮೆಟ್ಟಿಲುಗಳ ಮೇಲೆ ಜೂನ್‌ನಲ್ಲಿ ಒತ್ತೊತ್ತಾಗಿ ಲಾವಂಚ ನೆಟ್ಟರು. ಹುಲ್ಲಿನ ಜಾತಿಯದ್ದಾದರೂ ಲಾವಂಚದ ಬೇರು ಪಕ್ಕಕ್ಕೆ ಹರಡದೆ ನೇರವಾಗಿ ಎರಡು ಮೂರು ಮೀಟರ್ ಆಳಕ್ಕೆ ಇಳಿಯುವುದರಿಂದ ಮಣ್ಣಿಗೆ ಮೊಳೆ ಹೊಡೆದಂತೆ ಹಿಡಿತ ಸಿಗುತ್ತದೆ.

ಕೆಲಸದ ವೇಗದ ಬಗ್ಗೆ ಒಂದು ಮಾತು. ಅವರು ಮನೆಯ ಹಿಂಭಾಗದಿಂದ ಗೇಟಿನ ಕಡೆಗೆ ಸರಿಯುತ್ತ ಬಂದರು, ಹಾಗಾಗಿ ಮುಗಿದ ಜಾಗದ ಮೇಲೆ ಕೈಗಾಡಿಯಾಗಲಿ ಟಿಪ್ಪರಾಗಲಿ ಮತ್ತೆ ಓಡಲಿಲ್ಲ. ಗಿಡ ಮತ್ತು ಹುಲ್ಲನ್ನು ಏಪ್ರಿಲ್‌ನಲ್ಲೇ ತಂದು ನೀರು ಹನಿಸುತ್ತ ಕೂರುವ ಬದಲು, ಮಣ್ಣಿನ ಕೆಲಸವನ್ನು ಒಂಬತ್ತು ದಿನಗಳಲ್ಲಿ ಮುಗಿಸಿ, ಮುಂಗಾರು ಹಿಡಿದ ಮೇಲೆ ನೆಡಲು ಮತ್ತೆ ಬರುವುದಾಗಿ ಒಪ್ಪಂದವಾಗಿತ್ತು. ಇದು ಸರಿಯಾದ ಕ್ರಮವೇ. ಆದರೆ ಜೂನ್‌ನ ಮೊದಲ ವಾರ ಬರುತ್ತೇವೆಂದವರು ಬಂದದ್ದು ಮೂರನೆಯ ವಾರ, ಅದೂ ನಾಲ್ಕು ಸಲ ಫೋನ್ ಮಾಡಿದ ಮೇಲೆ. ಅಷ್ಟರಲ್ಲಿ ಬರಿ ಮಣ್ಣಿನ ಅಂಗಳದ ಅರ್ಧ ಕೆಂಪು ನೀರಾಗಿ ಗೇಟಿನಿಂದ ಆಚೆ ಹರಿದುಹೋಗಿತ್ತು. ಹುಲ್ಲಿನ ಆಯ್ಕೆಯಲ್ಲೂ ಮೊದಲು ಎಡವಿದರು: ನಾಜೂಕಾದ ಮೆಕ್ಸಿಕನ್ ಹುಲ್ಲಿನ ಮಾದರಿ ತೋರಿಸಿದ್ದರು, ನೀರು ನಿಲ್ಲುವ ನೆರಳಿನ ಅಂಗಳಕ್ಕೆ ಅದು ಬಾಳುವುದಿಲ್ಲವೆಂದು ನಾವೇ ಹಟ ಹಿಡಿದು ಅಗಲ ಎಲೆಯ ಹುಲ್ಲು ಹಾಕಿಸಿದೆವು. ವಿನ್ಯಾಸದಲ್ಲಿ ಹೇಳಿಕೊಳ್ಳುವಂಥ ಹೊಸತೇನೂ ಇಲ್ಲ. ಕೇಪಳ, ನಂದಿಬಟ್ಟಲು, ದಾಸವಾಳದ ಸಾಲು ಯಾರ ಮನೆಯಲ್ಲಾದರೂ ಇರುವಂಥದ್ದೇ.

ದೊಡ್ಡ ದೂರು ಅತ್ತೆಯದು. ಪೈಪು, ವಯರು, ಗುಂಡಿ ಎಲ್ಲವನ್ನೂ ಕೇಳಿದವರು ಮಣ್ಣಿನಡಿ ಮಲಗಿದ್ದ ಡೇರೆ (ಡೇಲಿಯಾ ಹೂವಿನ) ಗೆಡ್ಡೆಗಳ ಬಗ್ಗೆ ಕೇಳಲಿಲ್ಲ. ಏಪ್ರಿಲ್‌ನಲ್ಲಿ ಡೇರೆಯ ಒಂದು ಎಲೆಯೂ ಮೇಲೆ ಕಾಣುವುದಿಲ್ಲ. ಬಾವಿಕಟ್ಟೆಯ ಪಕ್ಕದ ಆ ಪಾತಿ ಅವರ ಕಣ್ಣಿಗೆ ಖಾಲಿ ಜಾಗವಾಗಿತ್ತು, ಜೆಸಿಬಿ ಒಂದೇ ಬಾಚಿಗೆ ಅದನ್ನು ಎತ್ತಿ ಟಿಪ್ಪರಿಗೆ ಹಾಕಿತು. ಊರೂರು ತಿರುಗಿ, ನೆಂಟರ ಮನೆಯಿಂದ ಬೇಡಿ ತಂದು ವರ್ಷಗಟ್ಟಲೆ ಕಾಪಾಡಿದ ಬಣ್ಣಗಳು ಅವು. ಮೇಸ್ತ್ರಿ ತಪ್ಪೊಪ್ಪಿಕೊಂಡು ಮಳೆಗಾಲದಲ್ಲಿ ಒಂದು ಬುಟ್ಟಿ ಗೆಡ್ಡೆ ತಂದುಕೊಟ್ಟರು, ಅದರಲ್ಲಿ ಅತ್ತೆಯ ಬಿಳಿ ಅಂಚಿನ ಕೆಂಪು ಡೇರೆ ಇರಲಿಲ್ಲ. ಹೇಳದೆ ಇದ್ದದ್ದು ನಮ್ಮ ತಪ್ಪೂ ಹೌದು, ಆದರೆ ಮಲೆನಾಡಿನ ಮನೆಯ ಹಿತ್ತಲಿಗೆ ಇಳಿಯುವವರ ಪ್ರಶ್ನೆಗಳ ಪಟ್ಟಿಯಲ್ಲಿ ಇದು ಮೊದಲ ಸಾಲಿನಲ್ಲಿರಬೇಕಿತ್ತು.

ಶುಚಿಮಾಡಿ ಹೋದ ರೀತಿಗೆ ಮಾತ್ರ ಪೂರ್ಣ ಅಂಕ. ಬೆಳಿಗ್ಗೆ ಗೋಣಿಚೀಲದ ಮೇಲೆ ಹರಡಿ ಎಣಿಸಿದ ಹಾರೆ, ಗುದ್ದಲಿ, ಕತ್ತಿಗಳನ್ನು ಸಂಜೆ ಅದೇ ಚೀಲದ ಮೇಲೆ ಎಣಿಸುತ್ತಿದ್ದರು. ಹುಲ್ಲಿನಲ್ಲಿ ಕತ್ತಿ ಮರೆತು ಬಂದು ಮರುದಿನ ಕಾಲಿಗೆ ಸಿಕ್ಕಿಸಿಕೊಳ್ಳುವ ನಮ್ಮೂರಿನ ಪದ್ಧತಿ ಅವರಲ್ಲಿಲ್ಲ. 140 ಸಸಿ ನೆಟ್ಟ ಮೇಲೆ 140 ಪ್ಲಾಸ್ಟಿಕ್ ಕೊಟ್ಟೆಗಳನ್ನು ಲೆಕ್ಕ ಮಾಡಿ ಕಟ್ಟಿ ಒಯ್ದರು. ಸವರಿದ ಸೊಪ್ಪು ಮತ್ತು ದರಕಿಗೆ ಬೆಂಕಿ ಇಡಲಿಲ್ಲ, ಕಾಡಿನಂಚಿನಲ್ಲಿ ಏಪ್ರಿಲ್‌ನ ಬೆಂಕಿ ಎಲ್ಲಿ ನಿಲ್ಲುತ್ತದೆಂದು ಯಾರೂ ಹೇಳಲಾರರು. ಲಂಟಾನದ ಬೇರುಗಳನ್ನು ಮಾತ್ರ ಬಂಡೆಯ ಮೇಲೆ ತಲೆಕೆಳಗಾಗಿ ಒಣಹಾಕಿ, ಉಳಿದದ್ದನ್ನು ಕೊಚ್ಚಿ ಗೊಬ್ಬರದ ಗುಂಡಿಗೆ ಮತ್ತು ಗಿಡಗಳ ಬುಡಕ್ಕೆ ಹೊದಿಕೆಯಾಗಿ ಹಾಕಿದರು. ಸಾಮಾನುಗಳನ್ನು ಹಳ್ಳದಲ್ಲಿ ತೊಳೆಯದೆ ಅಂಗಳದ ನಲ್ಲಿಯಲ್ಲೇ ತೊಳೆದರು. ನೀರು ನಿಂತು ಡೆಂಗಿ ಸೊಳ್ಳೆ ಮೊಟ್ಟೆಯಿಡದಂತೆ ಖಾಲಿ ಕುಂಡ, ಡಬ್ಬಿ, ಕೊನೆಗೆ ಬಿದ್ದಿದ್ದ ಅಡಿಕೆ ಹಾಳೆಗಳನ್ನೂ ಮಗುಚಿ ಹಾಕಿದರು.

ಒಟ್ಟು 1,42,000 ರೂಪಾಯಿ ಆಯಿತು. ಮೂರು ಕಂತು; ಕೊನೆಯ ಕಂತನ್ನು ಆಗಸ್ಟ್ ಕಳೆದ ಮೇಲೆ ಕೊಡುವುದೆಂದು ಅವರೇ ಬರೆದುಕೊಟ್ಟಿದ್ದರು, ಧರೆ ಒಂದು ಮಳೆಗಾಲವನ್ನು ದಾಟಿ ತೋರಿಸಲಿ ಎಂಬ ಲೆಕ್ಕದಲ್ಲಿ. ಹೆಚ್ಚುವರಿ ಟಿಪ್ಪರ್ ಮಣ್ಣಿಗೆಂದು ಮಧ್ಯದಲ್ಲಿ ಕೇಳಿದ ಹಣ ಮೊದಲಿನ ಅಂದಾಜಿನಲ್ಲೇ ಇರಬೇಕಿತ್ತೆಂದು ವಾದಿಸಿ ಅರ್ಧ ಮಾತ್ರ ಕೊಟ್ಟೆವು. ಧರೆ ಜಾರಲಿಲ್ಲ, ಕೆಳಗಿನ ಮೆಟ್ಟಿಲಿನ ಒಂದು ಮೂಲೆಯಲ್ಲಿ ಮೂರು ಬುಟ್ಟಿಯಷ್ಟು ಮಣ್ಣು ಇಳಿದದ್ದನ್ನು ಅವರೇ ಬಂದು ಸರಿಮಾಡಿ ಉಳಿದ ಹಣ ಪಡೆದರು. ಬರುವ ಏಪ್ರಿಲ್‌ನಲ್ಲಿ ದಾರಿಯ ಪಕ್ಕದ ಪಾಗಾರದ (ಕಾಂಪೌಂಡ್ ಗೋಡೆಯ) ಕೆಲಸವನ್ನೂ ಇವರಿಗೇ ಕೊಡುವುದೆಂದು ತೀರ್ಮಾನವಾಗಿದೆ. ಅತ್ತೆ ಈಗಲೇ ಹೊಸ ಡೇರೆ ಪಾತಿಯ ನಾಲ್ಕು ಮೂಲೆಗೆ ಅಡಿಕೆ ದಬ್ಬೆ ಹುಗಿದು ಕೆಂಪು ಬಟ್ಟೆ ಕಟ್ಟಿದ್ದಾರೆ.