ಹೆದ್ದಾರಿಯ ಡಬ್ಲ್ಯೂ-ಬೀಮ್ ತಡೆಬೇಲಿ: ಮಾಲು ಗಟ್ಟಿ, ಉಸ್ತುವಾರಿ ಸಡಿಲ

ಧಾರವಾಡ, ಹುಬ್ಬಳ್ಳಿ, ಹಾವೇರಿ ಹಾಯ್ದು ಹೋಗುವ ರಾಷ್ಟ್ರೀಯ ಹೆದ್ದಾರಿ 48 ಇರಲಿ, ಹುಬ್ಬಳ್ಳಿ–ಗದಗ ನಡುವಿನ 67 ಇರಲಿ, ಏರಿಯ ಅಂಚಿನಲ್ಲಿ ಹೆಚ್ಚಾಗಿ ಕಾಣುವುದು ಎರಡು ಉಬ್ಬಿನ ಕಬ್ಬಿಣದ ಪಟ್ಟಿ, ಅಂದರೆ ಡಬ್ಲ್ಯೂ-ಬೀಮ್ ಕ್ರ್ಯಾಶ್ ಬ್ಯಾರಿಯರ್. ಮಾಲಿಗೆ ಐದಕ್ಕೆ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಹಾಕಿದ ಮೇಲಿನ ಉಸ್ತುವಾರಿಗೆ ಎರಡೂ ಹೆಚ್ಚು.

ಕೇಂದ್ರ ಸಾರಿಗೆ ಸಚಿವಾಲಯದ ನಿಯಮಾವಳಿ ಸ್ಪಷ್ಟವಾಗಿದೆ. ಪಟ್ಟಿ 3 ಮಿ.ಮೀ. ದಪ್ಪ. 150×75×5 ಮಿ.ಮೀ. ಚಾನೆಲ್ ಕಂಬ 1.8 ಮೀಟರ್ ಉದ್ದ; ಅದರಲ್ಲಿ 1.1 ಮೀಟರ್ ನೆಲದೊಳಗೆ, 70 ಸೆಂ.ಮೀ. ಮೇಲೆ. ಕಂಬಗಳ ನಡುವೆ 2 ಮೀಟರ್. ಕಂಬಕ್ಕೂ ಪಟ್ಟಿಗೂ ನಡುವೆ 330 ಮಿ.ಮೀ. ಉದ್ದದ ಸ್ಪೇಸರ್ ತುಂಡು ಇರಲೇಬೇಕು. ಅದಿಲ್ಲದಿದ್ದರೆ ಗಾಡಿಯ ಚಕ್ರ ಕಂಬಕ್ಕೆ ಸಿಕ್ಕಿ, ಗಾಡಿ ಅಲ್ಲೇ ತಿರುಗಿ ಬೀಳುತ್ತದೆ.

ಈ ಬೇಲಿ ಗೋಡೆಯ ಹಾಗೆ ನಿಲ್ಲುವುದಿಲ್ಲ. ಬಾಗಿ, ಪೆಟ್ಟು ನುಂಗಿ, ಕಾರನ್ನು ರಸ್ತೆಯ ಗುಂಟ ತಿರುಗಿಸುತ್ತದೆ. ಬಾಗಲು ಹಿಂದೆ ಒಂದು ಮೀಟರ್‌ಗೂ ಹೆಚ್ಚು ಜಾಗ ಬೇಕು. ಅಲ್ಲಿ ವಿದ್ಯುತ್ ಕಂಬವೋ ಮರವೋ ಇದ್ದರೆ ಬೇಲಿ ಇದ್ದೂ ಇಲ್ಲದಂತೆ. ಯುರೋಪಿನ ಇಎನ್ 1317 ಪರೀಕ್ಷೆಯ ಎನ್2 ಮಟ್ಟವೆಂದರೆ 1,500 ಕಿಲೋ ಕಾರು, ಗಂಟೆಗೆ 110 ಕಿ.ಮೀ., 20 ಡಿಗ್ರಿ ಕೋನ. ಕಡಿ ತುಂಬಿದ ಟಿಪ್ಪರ್ ತಡೆಯುವುದು ಈ ಮಟ್ಟದ ಬೇಲಿಯ ಕೆಲಸವಲ್ಲ. ಎತ್ತರದ ಏರಿ, ಸೇತುವೆಯ ಪಕ್ಕಕ್ಕೆ ಮೂರುಬ್ಬಿನ ಥ್ರೈ-ಬೀಮ್ ಅಥವಾ ಕಾಂಕ್ರೀಟ್ ತಡೆಗೋಡೆಯೇ ಬೇಕು.

ನಮ್ಮ ಭಾಗದಲ್ಲಿ ಕೆಡುವುದು ಮೊದಲು ಬುಡದಲ್ಲಿ. ಗದಗ, ನವಲಗುಂದದ ಕಡೆಯದು ಎರೆಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ನೆಲ. ಏರಿಯ ಅಂಚಿಗೆ ಗರಸು ಹಾಕಿ ಸರಿಯಾಗಿ ದಮ್ಮಸು ಮಾಡದಿದ್ದರೆ, ಕಂಬದ ಹಿಂದೆ ಎರಡಡಿಯಾದರೂ ಗಟ್ಟಿ ಮಣ್ಣು ಉಳಿಸದಿದ್ದರೆ, 1.1 ಮೀಟರ್ ಹೂತ ಕಂಬವೂ ಒಂದೆರಡು ಮಳೆಗಾಲಕ್ಕೆ ಹೊರವಾಲುತ್ತದೆ. ಡಿಕ್ಕಿಯಾದಾಗ ಅದು ಬಾಗುವುದಿಲ್ಲ, ಬುಡಸಮೇತ ಕಿತ್ತು ಬರುತ್ತದೆ. ಇಂಥ ಕಡೆ ಕಾಂಕ್ರೀಟ್ ಬುಡ ಅಥವಾ ಉದ್ದನೆಯ ಕಂಬ ಕೊಡಬೇಕು.

ಎರಡನೆಯದು ಎತ್ತರ. ಡಾಂಬರು ಒಮ್ಮೆ 5 ಸೆಂ.ಮೀ. ಹೊದಿಸಿದರೆ 70 ಇದ್ದದ್ದು 65, ಇನ್ನೊಮ್ಮೆ ಹೊದಿಸಿದರೆ 60. ಆಗ ಎತ್ತರದ ಗಾಡಿ ಪಟ್ಟಿಯ ಮೇಲೆ ಹತ್ತಿ ಆಚೆ ಉರುಳುತ್ತದೆ. ಡಾಂಬರಿನ ಅಂದಾಜುಪಟ್ಟಿಯಲ್ಲೇ ಬೇಲಿ ಎತ್ತರಿಸುವ ಬಾಬ್ತೂ ಸೇರಿರಬೇಕು. ಪಟ್ಟಿಗಳ ಜೋಡಣೆಯನ್ನೂ ನೋಡಿ: ಆ ಬದಿಯಲ್ಲಿ ಬರುವ ಗಾಡಿಗೆ ಪಟ್ಟಿಯ ಅಂಚು ಕಾಣಬಾರದು, ಪ್ರತಿ ಜೋಡಣೆಗೆ ಎಂಟು ಬೋಲ್ಟ್ ಇರಬೇಕು. ಗುಜರಿಗೆ ಹೋಗುವುದು ಮೊದಲು ಈ ಬೋಲ್ಟ್‌ಗಳೇ.

ಅತಿ ಅಪಾಯದ ಜಾಗ ತುದಿ. ಧಾಬಾಗೋ ಹೊಲದ ದಾರಿಗೋ ಬೇಲಿ ಕೊಯ್ದು ಬಿಟ್ಟರೆ ಆ ತುದಿ ಈಟಿಯಂತೆ ಕಾರಿನೊಳಗೆ ನುಗ್ಗುತ್ತದೆ. ಮೀನಬಾಲದ ಆಕಾರದ ತಗಡಿನ ಮುಚ್ಚಳ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ತುದಿಯನ್ನು ರಸ್ತೆಯಿಂದ ದೂರ ಸರಿಸಿ ದಿಬ್ಬದೊಳಗೆ ಹೂಳಬೇಕು, ಇಲ್ಲವೇ ಪರೀಕ್ಷೆಯಾದ ಎಂಡ್ ಟರ್ಮಿನಲ್, ಅಂದರೆ ಡಿಕ್ಕಿಯ ಪೆಟ್ಟು ತಾಳುವ ತುದಿಯ ಜೋಡಣೆ, ಕೂಡಿಸಬೇಕು.

ಇದನ್ನೆಲ್ಲ ನೋಡಬೇಕಾದವರು ಯಾರು? ಸರ್ಕಾರದ ಹಣದಲ್ಲಿ ಗುತ್ತಿಗೆದಾರ ಕಟ್ಟಿಕೊಡುವ ಇಪಿಸಿ ಗುತ್ತಿಗೆಯಲ್ಲಿ ಅಥಾರಿಟಿ ಎಂಜಿನಿಯರ್, ಕಂಪನಿಯೇ ಕಟ್ಟಿ ನಡೆಸಿ ಆಮೇಲೆ ಸರ್ಕಾರಕ್ಕೆ ಒಪ್ಪಿಸುವ ಬಿಒಟಿ ಮಾದರಿಯಲ್ಲಿ ಇಂಡಿಪೆಂಡೆಂಟ್ ಎಂಜಿನಿಯರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 119 ಎಂಬ ತಡೆಬೇಲಿಯ ಮಾರ್ಗಸೂಚಿ 2015ರಿಂದಲೇ ಇದೆ. ಕಾಮಗಾರಿ ಮುಗಿಯುವತನಕ ಅಳತೆ ನಡೆಯುತ್ತದೆ; ಆಮೇಲೆ ಡಿಕ್ಕಿಯಲ್ಲಿ ಬೇಲಿ ಹೇಗೆ ವರ್ತಿಸಿತು ಎಂಬ ಲೆಕ್ಕ ಇಡುವುದೇ ಮುಖ್ಯ. ಅಮೆರಿಕದಲ್ಲೂ ಸಂಸತ್ತಿನ ತನಿಖಾ ಸಂಸ್ಥೆ ಜಿಎಒ 2016ರಲ್ಲಿ ಇದೇ ಗಂಟಿಗೆ ಕೈ ಹಾಕಿತು: ಪ್ರಯೋಗಾಲಯದ ಫಲಿತಾಂಶವನ್ನು ಮೂರನೆಯವರು ಪರಿಶೀಲಿಸಲಿ, ರಸ್ತೆಗಿಳಿದ ಬೇಲಿಯ ಮೇಲೂ ನಿಗಾ ಇರಲಿ ಎಂದಿತು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 198-ಎ ಕಲಂ ಇದೆ. ರಸ್ತೆಯ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯವಾದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಕೋಟಿಗಟ್ಟಲೆ ಕಾಮಗಾರಿಗೆ ಇದು ತೀರ ಸಣ್ಣ ಮೊತ್ತ.

ದೂರು ಕೊಡುವ ದಾರಿಗಳಲ್ಲಿ 1033 ಸಹಾಯವಾಣಿ ಹಗಲೂ ರಾತ್ರಿ ಇದೆ, ಆದರೆ ರಾಷ್ಟ್ರೀಯ ಹೆದ್ದಾರಿಗೆ ಮಾತ್ರ. ಕಿಲೋಮೀಟರ್ ಕಲ್ಲಿನ ಸಂಖ್ಯೆ, ಯಾವ ಊರಿನ ಕಡೆಗೆ ಹೋಗುವ ಬದಿ ಎಂಬುದನ್ನು ಮೊದಲೇ ಹೇಳಿ. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ‘ರಾಜಮಾರ್ಗಯಾತ್ರಾ’ ಆ್ಯಪ್ ಬೇಲಿಯ ದೂರಿಗೆ ಇನ್ನೂ ಅನುಕೂಲ; ಫೋಟೊ ಜೊತೆಗೆ ಜಾಗವೂ ದಾಖಲಾಗುತ್ತದೆ. ಎತ್ತರದ ದೂರಾದರೆ ಟೇಪು ಹಿಡಿದು ಅಳೆದ ಫೋಟೊ ಹಾಕಿ. ರಾಜ್ಯ ಹೆದ್ದಾರಿಯದಾದರೆ ಲೋಕೋಪಯೋಗಿ ಇಲಾಖೆಗೆ ಬರೆದು, ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೂ ಪ್ರತಿ ಕೊಡಿ. ಉತ್ತರ ಬಾರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಮೂರು ಕಾಗದ ಕೇಳಿ: ಬೇಲಿಯ ಕ್ರ್ಯಾಶ್ ಟೆಸ್ಟ್ ವರದಿ, ಸತುವಿನ ಲೇಪದ ಪರೀಕ್ಷಾ ವರದಿ (ಚದರ ಮೀಟರಿಗೆ 550 ಗ್ರಾಂ ಇರಬೇಕು), ಕೊನೆಯ ಡಾಂಬರಿನ ನಂತರ ಬೇಲಿಯ ಎತ್ತರ ಅಳೆದ ದಾಖಲೆ.